ಹೆಚ್ಚುವರಿ ಲೈಟಿನ ನೂರು ವರ್ಷ: ಬೆಳಕು ಸುಲಭ, ಡಿಪ್ ಕಷ್ಟ

1966ರ ಜನವರಿ. ಯುರೋಪಿನ ಹೆಸರಾಂತ ಮಾಂಟೆ ಕಾರ್ಲೊ ರ‍್ಯಾಲಿ ಮುಗಿದಿತ್ತು. ಹಿಮ ಬಿದ್ದ ಬೆಟ್ಟದ ರಸ್ತೆಗಳಲ್ಲಿ, ರಾತ್ರಿಯ ಕತ್ತಲಲ್ಲಿ ಓಡಿ ಮೊದಲ ಮೂರು ಸ್ಥಾನ ಪಡೆದದ್ದು ಮೂರು ಪುಟ್ಟ ಮಿನಿ ಕೂಪರ್ ಕಾರುಗಳು. ಓಡಿಸಿದವರು ಟಿಮೊ ಮಾಕಿನೆನ್, ರೌನೊ ಆಲ್ಟೊನೆನ್ ಮತ್ತು ಪ್ಯಾಡಿ ಹಾಪ್‌ಕರ್ಕ್. ನಾಲ್ಕನೆಯದು ರೋಜರ್ ಕ್ಲಾರ್ಕ್ ಅವರ ಫೋರ್ಡ್ ಕಾರ್ಟಿನಾ.

ಆಮೇಲೆ ತಪಾಸಣೆ ನಡೆಯಿತು. ಅಧಿಕಾರಿಗಳು ಕಾರುಗಳನ್ನು ಬಿಚ್ಚಿ ಗಂಟೆಗಟ್ಟಲೆ ನೋಡಿದರು. ಕೊನೆಗೆ ನಾಲ್ಕೂ ಕಾರುಗಳನ್ನು ಅನರ್ಹ ಮಾಡಿದರು. ಐದನೆಯವರಾಗಿ ಬಂದಿದ್ದ ಪೌಲಿ ಟೊಯ್ವೊನೆನ್ ಅವರ ಸಿಟ್ರೊಯೆನ್ ಕಾರು ಗೆದ್ದಿತೆಂದು ಘೋಷಿಸಿದರು.

ಕಾರಣ ಎಂಜಿನ್ ಅಲ್ಲ, ಟೈರ್ ಅಲ್ಲ. ಕಾರಣ ಹೆಡ್‌ಲೈಟಿನ ಬಲ್ಬು, ಮತ್ತು ಅದನ್ನು ಡಿಪ್ ಮಾಡಲು ಎಳೆದಿದ್ದ ವೈರಿಂಗ್.

ಒಂದು ಬಲ್ಬಿಗೆ ಇಷ್ಟು ದೊಡ್ಡ ಶಿಕ್ಷೆಯೇ ಅಂತ ಆಗ ಇಡೀ ಇಂಗ್ಲೆಂಡ್ ಸಿಟ್ಟಾಗಿತ್ತು. ಆದರೆ ಗಾಡಿಯ ದೀಪದ ನೂರು ವರ್ಷದ ಕಥೆಯನ್ನು ಕೂತು ನೋಡಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಬೆಳಕು ಹೆಚ್ಚು ಮಾಡುವುದು ಯಾವತ್ತೂ ಸುಲಭವೇ ಆಗಿತ್ತು. ಕಷ್ಟ ಇದ್ದದ್ದು ಎರಡು ಕಡೆ: ಆ ಬೆಳಕಿಗೆ ಬೇಕಾದ ಕರೆಂಟನ್ನು ತಾಳಿಕೊಳ್ಳುವ ವೈರಿನಲ್ಲಿ, ಮತ್ತು ಎದುರಿಗೆ ಬರುವವನ ಕಣ್ಣಿನಲ್ಲಿ. ಇವತ್ತು ನಮ್ಮೂರಿನ ಜೀಪು, ಪಿಕಪ್, ಬೈಕುಗಳಿಗೆ ಎಲ್‌ಇಡಿ ಬಾರ್ ಹಾಕಿಸುತ್ತಿರುವಾಗಲೂ ಪ್ರಶ್ನೆ ಅದೇ.

ಕಾರ್ಬೈಡ್ ಕಾಲ

ಮೊದಮೊದಲ ಕಾರುಗಳಿಗೆ ಎಣ್ಣೆ ದೀಪವೇ ಗತಿ. ಗಾಡಿ ಬರುತ್ತಿದೆ ಅಂತ ಬೇರೆಯವರಿಗೆ ಗೊತ್ತಾಗುತ್ತಿತ್ತೇ ಹೊರತು ಓಡಿಸುವವನಿಗೆ ದಾರಿ ಕಾಣುತ್ತಿರಲಿಲ್ಲ. ನಮ್ಮ ಎತ್ತಿನ ಗಾಡಿಯ ಅಡಿಗೆ ತೂಗುಹಾಕುತ್ತಿದ್ದ ಲಾಟೀನಿನ ಹಾಗೆ.

ಆಮೇಲೆ ಬಂದದ್ದು ಕಾರ್ಬೈಡ್. ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್ ಕಲ್ಲು. ಅದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಗ್ಯಾಸ್ ಏಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವುದೂ ಅದೇ ಗ್ಯಾಸು. ಅದನ್ನು ಹೊತ್ತಿಸಿ ಹಿಂದೆ ಕನ್ನಡಿ ಇಟ್ಟರೆ ಬೆಳ್ಳಗಿನ, ಜೋರಾದ ಬೆಳಕು. ಗಾಳಿ ಮಳೆಗೂ ಬೇಗ ಆರುತ್ತಿರಲಿಲ್ಲ.

ಬೆಳಕಿನ ಜತೆಗೆ ಅಪಾಯವೂ ಬಂತು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1904ರಲ್ಲಿ ಶುರುವಾದ ಪ್ರೆಸ್ಟ್-ಒ-ಲೈಟ್ ಕಂಪನಿ ಈ ಗ್ಯಾಸನ್ನು ಸಿಲಿಂಡರಿಗೆ ತುಂಬಿ ಕಾರಿನವರಿಗೆ ಮಾರುತ್ತಿತ್ತು. ಖಾಲಿಯಾದರೆ ಕೊಟ್ಟು ತುಂಬಿದ್ದನ್ನು ತರುವುದು, ಈಗಿನ ಅಡುಗೆ ಸಿಲಿಂಡರಿನ ಹಾಗೆ. ಆ ಕಂಪನಿಯ ಘಟಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಸ್ಫೋಟ ಆಯಿತು. ಹೆಚ್ಚು ಬೆಳಕು ಬೇಕೆಂದರೆ ಅದಕ್ಕೆ ಬೇಕಾದ ಶಕ್ತಿಯನ್ನು ಸುರಕ್ಷಿತವಾಗಿ ದೀಪದವರೆಗೆ ಒಯ್ಯಬೇಕು. ಆಗ ಅದು ಗ್ಯಾಸಿನ ಪೈಪು, ಈಗ ತಾಮ್ರದ ವೈರು.

ಕರೆಂಟ್ ಬಂತು, ಡಿಪ್ ಬಂತು

1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಮತ್ತು ಎಲೆಕ್ಟ್ರಿಕ್ ದೀಪ ಒಟ್ಟಿಗೆ ಬಂದವು. ಇದರ ಹಿಂದೆ ಇದ್ದವರು ಚಾರ್ಲ್ಸ್ ಕೆಟರಿಂಗ್. ಬ್ಯಾಟರಿ, ಅದನ್ನು ಚಾರ್ಜ್ ಮಾಡಲು ಡೈನಮೊ, ಒಂದು ಸ್ವಿಚ್ಚು. ಇಳಿದು ಬೆಂಕಿಕಡ್ಡಿ ಗೀರುವ ಕೆಲಸ ತಪ್ಪಿತು.

ಅದರ ಬೆನ್ನಿಗೇ ಜಗಳ ಶುರುವಾಯಿತು. ಎರಡು ಕಾರುಗಳು ಎದುರುಬದುರಾದಾಗ ಇಬ್ಬರಿಗೂ ಕಣ್ಣು ಕತ್ತಲೆ. ಕೆಲವರು ದೀಪವನ್ನೇ ಬಗ್ಗಿಸುವ ಸನ್ನೆ ಮಾಡಿಸಿಕೊಂಡರು, ಕೆಲವರು ಗಾಜಿಗೆ ಗೀರು ಹಾಕಿ ಬೆಳಕು ಚದುರಿಸಿದರು. 1920ರ ದಶಕದ ಮಧ್ಯದಲ್ಲಿ ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್ ಇಡುವ ಉಪಾಯ ಬಳಕೆಗೆ ಬಂತು. ಒಂದು ಹೊತ್ತಿದರೆ ಬೆಳಕು ದೂರಕ್ಕೆ, ಇನ್ನೊಂದು ಹೊತ್ತಿದರೆ ತಗ್ಗಿ ಹತ್ತಿರಕ್ಕೆ. ನಾವು ಇವತ್ತು ಬೆರಳ ತುದಿಯಲ್ಲಿ ಮಾಡುವ ಡಿಮ್-ಡಿಪ್ ಹುಟ್ಟಿದ್ದು ಹೀಗೆ.

ಹೆಚ್ಚುವರಿ ದೀಪಗಳೂ ಇದೇ ಕಾಲದಲ್ಲಿ ಬಂಪರಿನ ಮೇಲೆ ಬಂದವು. ಅವು ಎರಡು ಜಾತಿ. ಡ್ರೈವಿಂಗ್ ಲೈಟ್ ಅಂದರೆ ಬೆಳಕನ್ನು ಒಟ್ಟುಮಾಡಿ ದೂರಕ್ಕೆ ಎಸೆಯುವುದು. ಫಾಗ್ ಲೈಟ್ ಅಂದರೆ ಅಗಲವಾಗಿ, ಚಪ್ಪಟೆಯಾಗಿ, ನೆಲ ಸವರಿದ ಹಾಗೆ ಹರಡುವುದು. ಮಂಜಿನಲ್ಲಿ ಬೆಳಕನ್ನು ಎತ್ತರಕ್ಕೆ ಬಿಟ್ಟರೆ ಮಂಜಿನ ಹನಿಗಳಿಗೆ ಬಡಿದು ಅದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಹೈ ಬೀಮ್ ಹಾಕಿ ನೋಡಿದವರಿಗೆ ಆ ಬಿಳಿ ಗೋಡೆ ಗೊತ್ತಿರುತ್ತದೆ. ಅದಕ್ಕೇ ಫಾಗ್ ಲೈಟನ್ನು ಆದಷ್ಟು ಕೆಳಗೆ ಹಾಕುವುದು. ಒಂದು ಜಾತಿಯ ಲೈಟು ಇನ್ನೊಂದರ ಕೆಲಸ ಮಾಡುವುದಿಲ್ಲ ಅನ್ನುವುದು ಆಗಲೇ ಗೊತ್ತಿದ್ದ ವಿಷಯ.

ಬೆಳಕು ಮುಚ್ಚಿಡಬೇಕಾದ ಜೀಪು

ಕಾಡು ಮೇಡು ಸುತ್ತುವ ಗಾಡಿಗೆ ದೀಪ ಹೇಗಿರಬೇಕು ಅನ್ನುವುದನ್ನು ಗಂಭೀರವಾಗಿ ಯೋಚಿಸಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ವಿಲ್ಲಿಸ್ ಜೀಪಿನ ಹೆಡ್‌ಲೈಟನ್ನು ತಿರುಪು ಸಡಿಲಿಸಿ ಹಿಂದಕ್ಕೆ ತಿರುಗಿಸಬಹುದಿತ್ತು. ಬಾನೆಟ್ ಎತ್ತಿ ಹಾಗೆ ಮಾಡಿದರೆ ಅದೇ ದೀಪ ಎಂಜಿನ್ ಮೇಲೆ ಬೆಳಕು ಚೆಲ್ಲುತ್ತಿತ್ತು. ರಾತ್ರಿ ರಿಪೇರಿಗೆ ಬೇರೆ ಟಾರ್ಚ್ ಬೇಡ.

ಇನ್ನೊಂದು ಏರ್ಪಾಡು ಇನ್ನೂ ಮುಖ್ಯ. ಯುದ್ಧದಲ್ಲಿ ಜೋರು ಬೆಳಕು ಅಂದರೆ ಸಾವು, ಮೇಲೆ ಹಾರುವ ವಿಮಾನಕ್ಕೆ ಗುರಿ ಸಿಕ್ಕಿಬಿಡುತ್ತದೆ. ಹಾಗಾಗಿ ಎಡಗಡೆ ಮಡ್ಗಾರ್ಡಿನ ಮೇಲೆ ಮೇಲ್ಭಾಗ ಮುಚ್ಚಿದ ಒಂದು ಮಂಕು ದೀಪ ಇತ್ತು. ಸ್ವಿಚ್ಚಿನ ಗುಂಡಿ ಎಳೆದರೆ ಹೊತ್ತುತ್ತಿದ್ದದ್ದು ಮಂಕು ದೀಪಗಳು ಮಾತ್ರ. ದೊಡ್ಡ ದೀಪ ಬೇಕೆಂದರೆ ಇನ್ನೊಂದು ತಡೆಗುಂಡಿ ಒತ್ತಿಕೊಂಡೇ ಮುಂದಕ್ಕೆ ಎಳೆಯಬೇಕು. ಕೈತಪ್ಪಿ ದೊಡ್ಡ ದೀಪ ಹೊತ್ತಬಾರದು ಅನ್ನುವುದನ್ನು ಡ್ರೈವರಿನ ನೆನಪಿಗೆ ಬಿಡದೆ ಸ್ವಿಚ್ಚಿಗೇ ಕಲಿಸಿದ್ದರು.

ಆ ಜೀಪಿನದು 6 ವೋಲ್ಟ್ ಬ್ಯಾಟರಿ. ಅದೇ ವ್ಯಾಟಿನ ದೀಪ ಉರಿಸಲು 12 ವೋಲ್ಟಿಗಿಂತ ಎರಡರಷ್ಟು ಆಂಪಿಯರ್ ಬೇಕು. ಎರಡರಷ್ಟು ಆಂಪಿಯರಿಗೆ ದಪ್ಪ ವೈರು ಬೇಕು. ಜೋಡಣೆಯಲ್ಲಿ ಸ್ವಲ್ಪ ತುಕ್ಕು ಹಿಡಿದರೂ ದೀಪ ಮಂಕು. ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಕಾರುಗಳೆಲ್ಲ 12 ವೋಲ್ಟಿಗೆ ಬಂದದ್ದರಲ್ಲಿ ಈ ತಾಪತ್ರಯವೂ ಒಂದು ಕಾರಣ.

ಭಾರತಕ್ಕೂ ಜೀಪು ಆಗಲೇ ಬಂತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿತು. ಮುಂದೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಸ್ಟೇಟುಗಳಲ್ಲಿ ಜೀಪು ಮನೆಮಾತಾಯಿತು. ಕೆಸರು, ಮಂಜು, ಬೀದಿದೀಪ ಇಲ್ಲದ ದಾರಿ. ಬಂಪರಿಗೆ ಇನ್ನೆರಡು ಲೈಟು ಇದ್ದರೆ ಒಳ್ಳೆಯದು ಅನ್ನಿಸುವುದು ಅಲ್ಲಿ ಶೋಕಿ ಅಲ್ಲ, ಅಗತ್ಯ.

ಅಯೋಡಿನ್ ಬಲ್ಬಿನ ಕಥೆ

ಹಳೇ ಬಲ್ಬುಗಳಿಗೆ ಒಂದು ಕಾಯಿಲೆ ಇತ್ತು. ಒಳಗಿನ ಟಂಗ್‌ಸ್ಟನ್ ಫಿಲಮೆಂಟ್ ಕಾದು ಕಾದು ಆವಿಯಾಗಿ ಗಾಜಿನ ಒಳಮೈಗೆ ಮಸಿಯ ಹಾಗೆ ಅಂಟುತ್ತಿತ್ತು. ದಿನ ಕಳೆದಂತೆ ಗಾಜು ಕಪ್ಪು, ಫಿಲಮೆಂಟ್ ಸಣ್ಣ. ಹೆಚ್ಚು ಬೆಳಕಿಗೆ ಹೆಚ್ಚು ಕಾಯಿಸಿದರೆ ಬೇಗ ಸಾವು.

1950ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಇದಕ್ಕೆ ಮದ್ದು ಹುಡುಕಿದರು. ಬಲ್ಬಿನೊಳಗೆ ಒಂದಿಷ್ಟು ಅಯೋಡಿನ್ ಹಾಕುವುದು. ಹಾರಿಹೋದ ಟಂಗ್‌ಸ್ಟನ್ನನ್ನು ಅಯೋಡಿನ್ ಹಿಡಿದು ತಂದು ಮತ್ತೆ ಫಿಲಮೆಂಟಿನ ಹತ್ತಿರವೇ ಬಿಡುತ್ತದೆ. ಇದಕ್ಕೆ ಬಲ್ಬು ತುಂಬಾ ಬಿಸಿಯಾಗಿರಬೇಕು, ಆದ್ದರಿಂದ ಸಾದಾ ಗಾಜಿನ ಬದಲು ಕ್ವಾರ್ಟ್ಜ್. ನಾವು ಹ್ಯಾಲೊಜನ್ ಅನ್ನುವುದು ಇದನ್ನೇ. 1962ರಲ್ಲಿ ಯುರೋಪಿನಲ್ಲಿ ವಾಹನಗಳಿಗೆಂದೇ ಎಚ್1 ಅನ್ನುವ ಹ್ಯಾಲೊಜನ್ ಬಲ್ಬು ಬಂತು.

ಆದರೆ ಎಚ್1 ಬಲ್ಬಿನಲ್ಲಿ ಇದ್ದದ್ದು ಒಂದೇ ಫಿಲಮೆಂಟ್. ಒಂದು ಫಿಲಮೆಂಟಿನಲ್ಲಿ ಹೈ ಬೀಮ್ ಸಿಗುತ್ತದೆ, ಇಲ್ಲವೇ ಡಿಪ್ ಸಿಗುತ್ತದೆ, ಎರಡೂ ಸಿಗುವುದಿಲ್ಲ.

ಈಗ 1966ರ ಮಿನಿ ಕಾರುಗಳಿಗೆ ವಾಪಸ್ ಬರೋಣ. ಅವುಗಳ ಹೆಡ್‌ಲೈಟಿನಲ್ಲಿ ಇದ್ದದ್ದು ಇಂಥ ಒಂದೇ ಫಿಲಮೆಂಟಿನ ಅಯೋಡಿನ್ ಬಲ್ಬು. ಡಿಪ್ ಬೇಕಾದಾಗ ಹೆಡ್‌ಲೈಟ್ ಆರಿ, ಮುಂದೆ ಕಟ್ಟಿದ್ದ ಹೆಚ್ಚುವರಿ ಲೈಟು ಹೊತ್ತುವಂತೆ ವೈರಿಂಗ್ ಮಾಡಿದ್ದರು. ಶೋರೂಮಿನಲ್ಲಿ ಮಾರುವ ಕಾರಿನಲ್ಲಿ ಹೀಗಿರಲಿಲ್ಲ, ಅಲ್ಲಿ ಎರಡು ಫಿಲಮೆಂಟಿನ ಸಾದಾ ಬಲ್ಬು. ಕಾರು ಮಾರಾಟಕ್ಕಿರುವ ಹಾಗೆಯೇ ಇರಬೇಕು ಅನ್ನುವುದು ಆ ವರ್ಷ ಬಂದ ಹೊಸ ನಿಯಮ. ಅಧಿಕಾರಿಗಳು ಹಿಡಿದದ್ದು ಅಲ್ಲೇ.

ತೀರ್ಪು ನ್ಯಾಯವೋ ಅನ್ಯಾಯವೋ ಅಂತ ರ‍್ಯಾಲಿ ಜನ ಇಂದಿಗೂ ವಾದ ಮಾಡುತ್ತಾರೆ. ಮಿನಿ ಮರುವರ್ಷ ಬಂದು ಮತ್ತೆ ಗೆದ್ದಿತು. ನಮಗೆ ಬೇಕಾದ ಸಂಗತಿ ಬೇರೆ. ಅಷ್ಟು ಜಾಣ ಎಂಜಿನಿಯರುಗಳ ಕೈಯಲ್ಲೂ ಆಗ ಜೋರು ಬೆಳಕು ಇತ್ತು, ಅದಕ್ಕೆ ತಕ್ಕ ಡಿಪ್ ಇರಲಿಲ್ಲ. ಒಂದೇ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ಫಿಲಮೆಂಟ್ ಕೂರಿಸಿದ ಎಚ್4 ಬಂದದ್ದು 1971ರಲ್ಲಿ. ಹೈ ಬೀಮಿಗೆ 60 ವ್ಯಾಟ್, ಡಿಪ್ಪಿಗೆ 55 ವ್ಯಾಟ್. ಮುಂದೆ ನಮ್ಮ ಜೀಪು, ಕಾರು, ಲಾರಿಗಳಲ್ಲೂ ದಶಕಗಟ್ಟಲೆ ಉರಿದದ್ದು ಇದೇ.

ನೂರರ ಬಲ್ಬಿಗೆ ಎಪ್ಪತ್ತೈದರ ಬೆಳಕು

ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ‘ನೂರು-ತೊಂಬತ್ತು’ ಅನ್ನುವ ಬಲ್ಬು ಬಂತು. ಅಂದರೆ ಹೈ ಬೀಮಿಗೆ 100 ವ್ಯಾಟ್, ಡಿಪ್ಪಿಗೆ 90. ಹಳೇ ಬಲ್ಬು ಕಿತ್ತು ಇದನ್ನು ಸಿಕ್ಕಿಸಿದರೆ ಆಯಿತು ಅಂತ ಬಹಳ ಜನ ಹಾಕಿಸಿದರು. ಸ್ವಲ್ಪ ದಿನದಲ್ಲಿ ಹೋಲ್ಡರ್ ಕರಗುವುದು, ಸ್ವಿಚ್ಚು ಸುಟ್ಟ ವಾಸನೆ ಬರುವುದು ಶುರುವಾಗುತ್ತಿತ್ತು.

ಲೆಕ್ಕ ನೋಡಿ. 100 ವ್ಯಾಟಿನ ಎರಡು ಬಲ್ಬು, ಒಟ್ಟು 200. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 17 ಆಂಪಿಯರ್. ಈ ಕರೆಂಟು ಒಂದೂವರೆ ಎಂಎಂ ತಾಮ್ರದ ವೈರಿನಲ್ಲಿ 5 ಮೀಟರ್ ಹರಿದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ಕಳೆದುಹೋಗುತ್ತದೆ. ಕಳೆದದ್ದು ಎಲ್ಲಿಗೆ ಹೋಯಿತು? ವೈರು ಬಿಸಿ ಮಾಡಲು ಹೋಯಿತು. ಫಿಲಮೆಂಟ್ ಬಲ್ಬಿನ ಸ್ವಭಾವ ಹೇಗೆಂದರೆ 12 ವೋಲ್ಟಿನ ಬದಲು 11 ಸಿಕ್ಕಿದರೆ ಬೆಳಕಿನಲ್ಲಿ ಕಾಲು ಭಾಗ ಕಡಿಮೆ. ನೂರರ ಬಲ್ಬಿಗೆ ದುಡ್ಡು ಕೊಟ್ಟು ಎಪ್ಪತ್ತೈದರ ಬೆಳಕು ತಂದ ಹಾಗಾಯಿತು.

ಇದು ರೈತರಿಗೆ ಹೊಸದಲ್ಲ. ಟ್ರಾನ್ಸ್‌ಫಾರ್ಮರ್ ಪಕ್ಕದ ಬೋರ್‌ವೆಲ್ ಜೋರಾಗಿ ನೀರೆತ್ತುತ್ತದೆ, ಲೈನಿನ ಕೊನೆಯವನ ಮೋಟಾರು ಲೋ ವೋಲ್ಟೇಜಿನಲ್ಲಿ ಗೊರಗುಟ್ಟುತ್ತದೆ. ಗಾಡಿಯೊಳಗೂ ಅದೇ ನಿಯಮ.

ಇದಕ್ಕೆ ಪರಿಹಾರ ಕಾರಿಗಿಂತಲೂ ಹಳೆಯದು. ಅದರ ಹೆಸರು ರಿಲೇ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಹೊತ್ತಿಗೆ ಇದನ್ನು ಮಾಡಿದ್ದರು. ದೂರದ ಟೆಲಿಗ್ರಾಫ್ ತಂತಿಯಲ್ಲಿ ಸಂಕೇತ ಸೊರಗಿ ಬಂದಾಗ ಆ ಸಣ್ಣ ಕರೆಂಟೇ ಒಂದು ಅಯಸ್ಕಾಂತವನ್ನು ಎಳೆದು ಮುಂದಿನ ತಂತಿಗೆ ಹೊಸ ಬ್ಯಾಟರಿಯ ಕರೆಂಟು ಬಿಡುತ್ತಿತ್ತು. ಆ ಹೆಸರು ಬಂದದ್ದು ಹಳೇ ಕಾಲದ ಟಪಾಲು ಕುದುರೆಗಳಿಂದ. ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹತ್ತುವುದು. ನಮ್ಮ ಮೈಸೂರು ಅಂಚೆಯ ಓಟಗಾರರು ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಹಾಗೆ.

ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವುದೂ ಇದರ ಅಣ್ಣನೇ. ಹಸಿರು ಗುಂಡಿ ಒತ್ತಿದಾಗ ಟಕ್ ಅನ್ನುತ್ತದಲ್ಲ, ಆಗ ಮೋಟಾರಿನ ಕರೆಂಟು ನಿಮ್ಮ ಗುಂಡಿಯ ಮೂಲಕ ಹರಿಯುವುದಿಲ್ಲ. ಗುಂಡಿ ಬರೀ ಸುರುಳಿಗೆ ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ಒಳಗಿನ ದಪ್ಪ ಕಾಂಟ್ಯಾಕ್ಟು. ಗಾಡಿಯಲ್ಲೂ ಹಾಗೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಅರ್ಧ ಆಂಪಿಯರೂ ಹೋಗುವುದಿಲ್ಲ. ದೀಪದ ಕರೆಂಟು ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ನೇರ ದೀಪಕ್ಕೆ.

ಅರ್ಧ ಕಪ್ಪು ಬಣ್ಣ

ನಮ್ಮ ದೇಶದಲ್ಲಿ ಎದುರಿನವನ ಕಣ್ಣಿನ ಪ್ರಶ್ನೆಗೆ ಬಹಳ ಕಾಲ ಇದ್ದ ಉತ್ತರ ಒಂದು ಬ್ರಷ್ಷು, ಒಂದು ಡಬ್ಬಿ ಕಪ್ಪು ಬಣ್ಣ. ಹಳೇ ಬಸ್ಸು, ಲಾರಿ, ಅಂಬಾಸಿಡರ್ ಹೆಡ್‌ಲೈಟಿನ ಮೇಲ್ಭಾಗಕ್ಕೆ ಬಳಿದ ಕಪ್ಪು ಬಣ್ಣ ನಡುವಯಸ್ಸಿನವರಿಗೆ ನೆನಪಿರುತ್ತದೆ. ಯುದ್ಧದ ಜೀಪಿನ ಮುಚ್ಚಿದ ದೀಪದ್ದೇ ಬಡವರ ರೂಪ ಅದು.

ಕಾನೂನೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಪ್ರಕಾರ ಮುಂದಿನ ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು. ಅದೇ ನಿಯಮಗಳಲ್ಲಿ 111ನೆಯದು ಸ್ಪಾಟ್‌ಲೈಟ್, ಸರ್ಚ್‌ಲೈಟುಗಳನ್ನು ಗಾಡಿಯ ಮುಂದೆ ಹಾಕಬಾರದು ಅನ್ನುತ್ತದೆ. ವಿಶೇಷ ಸಂದರ್ಭದಲ್ಲಿ ಮಾತ್ರ, ಅದೂ ನೋಂದಣಿ ಅಧಿಕಾರಿಯ ಅನುಮತಿ ಮೊದಲೇ ಪಡೆದು. ಲೈಟು ಕಟ್ಟಲು ಬಳಸುವ ಕಬ್ಬಿಣದ ಬಂಪರ್ ಗಾರ್ಡಿನ ಮೇಲೂ ಕ್ರಮ ಕೈಗೊಳ್ಳಿ ಅಂತ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು.

ಎಲ್‌ಇಡಿ ಬಂದ ಮೇಲೆ

ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಜಪಾನ್ ಮೂಲದ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಷುಜಿ ನಕಮುರಾ 2014ರ ನೊಬೆಲ್ ಪಡೆದರು. ನೀಲಿ ಬಂದ ಮೇಲೆಯೇ ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾದದ್ದು. ಕಡಿಮೆ ಆಂಪಿಯರಿನಲ್ಲಿ ಹೆಚ್ಚು ಬೆಳಕು, ಬೆಲೆಯೂ ಇಳಿಯಿತು. ಕಾರ್ಬೈಡ್ ಕಾಲದಿಂದ ಕಾಡಿದ್ದ ಮೊದಲ ಕಷ್ಟ, ಅಂದರೆ ದೀಪಕ್ಕೆ ಶಕ್ತಿ ಒಯ್ಯುವ ಕಷ್ಟ, ದೊಡ್ಡ ಮಟ್ಟಿಗೆ ಕಡಿಮೆಯಾಯಿತು.

ಎರಡನೆಯ ಕಷ್ಟ ಮಾತ್ರ ಹೆಚ್ಚಾಯಿತು. ಅಗ್ಗದ ಎಲ್‌ಇಡಿ ಬಾರುಗಳಲ್ಲಿ ಬೆಳಕನ್ನು ತಿದ್ದುವ ಒಳ್ಳೆಯ ಕನ್ನಡಿ, ಮಸೂರ ಇರುವುದಿಲ್ಲ. ಬೆಳಕು ನೆಲ, ಆಕಾಶ, ಎದುರಿನವನ ಮುಖ ಎಲ್ಲದರ ಮೇಲೂ ಬೀಳುತ್ತದೆ. ಡಿಪ್ ಅನ್ನುವುದೇ ಇಲ್ಲ, ಒಂದು ಆನ್, ಒಂದು ಆಫ್.

ಇದರ ಬೆಲೆ ಎಷ್ಟು? ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಕಣ್ಣು ಕತ್ತಲೆ ಬಂದ ಮೂರು ಸೆಕೆಂಡಿನಲ್ಲಿ 50 ಮೀಟರ್ ಕುರುಡು ಓಟ. ಆ 50 ಮೀಟರಿನೊಳಗೆ ಹಿಂದೆ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರಬಹುದು, ಹೊಲದಿಂದ ಮನೆಗೆ ಹೊರಟ ಅಜ್ಜ ಇರಬಹುದು, ಎಮ್ಮೆ ಇರಬಹುದು. ಮತ್ತೆ ಆ ಕುರುಡು ಓಟದ ಗಾಡಿ ಬರುತ್ತಿರುವುದು ನಿಮ್ಮ ಕಡೆಗೇ. ವಯಸ್ಸಾದವರ ಕಣ್ಣು ಸುಧಾರಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ಬೇಕು.

ಹಾಕಿಸುವುದಾದರೆ

ಎಸ್ಟೇಟಿನ ಒಳದಾರಿ, ತೋಟ, ರ‍್ಯಾಲಿ ಅಂತ ನಿಜಕ್ಕೂ ಬೇಕಾದವರು ಈ ಚರಿತ್ರೆಯಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟು.

ಮೊದಲು ಇರುವ ಹೆಡ್‌ಲೈಟನ್ನೇ ಸರಿ ಮಾಡಿಸಿ. ಗಾಜು, ಕನ್ನಡಿ, ಅರ್ಥ್ ವೈರು, ಬೆಳಕಿನ ಎತ್ತರ. ಅರ್ಧ ಜನರಿಗೆ ಅಷ್ಟರಲ್ಲೇ ಸಾಕಾಗುತ್ತದೆ.

ಕೆಲಸಕ್ಕೆ ತಕ್ಕ ಲೈಟು ಆರಿಸಿ. ಮಂಜು, ಮಳೆ ಇದ್ದರೆ ಕೆಳಗೆ ಕೂರುವ ಅಗಲ ಬೆಳಕಿನ ಫಾಗ್ ಲೈಟು. ಉದ್ದ ನೇರ ದಾರಿಗೆ ಡ್ರೈವಿಂಗ್ ಲೈಟು. ಟಾಪಿನ ಮೇಲಿನ ಲೈಟು ಫೋಟೊಗೆ ಚೆಂದ, ಧೂಳು ಮತ್ತು ಮಂಜಿನಲ್ಲಿ ನಮ್ಮ ಬಾನೆಟ್ಟನ್ನೇ ಬೆಳಗಿ ಕಣ್ಣಿಗೆ ಹೊಡೆಯುತ್ತದೆ.

ವೈರಿಂಗಿಗೆ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಫ್ಯೂಸಿಗೂ ಮೊದಲಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ, ಬೆಂಕಿಯೇ. ಎರಡು 55 ವ್ಯಾಟ್ ಹ್ಯಾಲೊಜನ್ನಿಗೆ ಸುಮಾರು 9 ಆಂಪಿಯರ್ ಬೇಕು, 15ರ ಫ್ಯೂಸ್, ಎರಡೂವರೆ ಎಂಎಂ ಆಟೋ ವೈರು ಸಾಕು. ರಿಲೇಯ ಕಾಲುಗಳ ಮೇಲೆ ಬರೆದ ನಂಬರು ಜರ್ಮನಿಯ ಮಾನಕದ್ದು, ಬಹುತೇಕ ಎಲ್ಲ ಕಡೆ ಒಂದೇ. 30ಕ್ಕೆ ಫ್ಯೂಸ್ ಕಡೆಯಿಂದ ಬರುವ ವೈರು, 87ರಿಂದ ದೀಪಕ್ಕೆ, 85 ಅರ್ಥ್, 86ಕ್ಕೆ ಸ್ವಿಚ್ಚಿನ ವೈರು. ದೀಪದ ಅರ್ಥನ್ನು ಬಣ್ಣ ಬಳಿದ ತಗಡಿಗೆ ತಿರುಪು ಹಾಕಿ ಬಿಡಬೇಡಿ, ಬ್ಯಾಟರಿ ಮೈನಸ್‌ವರೆಗೆ ಎಳೆಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆ ಸ್ವಿಚ್ಚಿನ ವೈರು ಎಲ್ಲಿಂದ ಬರಬೇಕು ಅನ್ನುವುದು. ಡ್ರೈವಿಂಗ್ ಲೈಟಾದರೆ ಅದನ್ನು ಹೆಡ್‌ಲೈಟಿನ ಹೈ ಬೀಮ್ ವೈರಿನಿಂದ ತೆಗೆಸಿ. ಆಗ ನೀವು ಡಿಪ್ ಮಾಡಿದ ತಕ್ಷಣ ಹೆಚ್ಚುವರಿ ಲೈಟೂ ತಾನಾಗಿ ಆರುತ್ತದೆ. ಎರಡು ಸ್ವಿಚ್ಚು ಹುಡುಕುವ ಕೆಲಸವಿಲ್ಲ, ಮರೆಯುವ ಮಾತಿಲ್ಲ. ಯುದ್ಧದ ಜೀಪಿನವರು ತಡೆಗುಂಡಿಯಲ್ಲಿ ಮಾಡಿದ್ದು ಇದನ್ನೇ. ಸಾರ್ವಜನಿಕ ರಸ್ತೆಗೆ ಬಂದಾಗ ಆ ಸ್ವಿಚ್ಚು ಆಫ್ ಇರಲಿ, ಲೈಟಿಗೆ ಕವರ್ ಇರಲಿ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ ಎಷ್ಟು ವ್ಯಾಟು, ಎಷ್ಟು ದೂರ ಬೀಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದು ಪ್ರಶ್ನೆ ಸೇರಿಸಿ: ‘ಡಿಪ್ ಮಾಡಿದರೆ ಇದು ಆರುತ್ತದಾ?’ ಆರುವುದಿಲ್ಲ ಅಂದರೆ ಆ ವೈರಿಂಗ್ ಇನ್ನೂ ಮುಗಿದಿಲ್ಲ.